ತೂಕಕ್ಕೋ, ಬೆಳಕಿಗೋ?

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾಪ್ರದರ್ಶನ ನಡೆದಾಗ ಕೊಹಿನೂರ್ ವಜ್ರವನ್ನು ನೋಡಲು ಜನ ಮುಗಿಬಿದ್ದರು. ನೋಡಿದವರಲ್ಲಿ ಬಹಳ ಮಂದಿ ಇಷ್ಟೇನಾ ಎಂದುಕೊಂಡು ಮುಂದೆ ಸಾಗಿದರು. ಎರಡು ವರ್ಷಗಳ ಹಿಂದಷ್ಟೇ ಪಂಜಾಬನ್ನು ನುಂಗಿದ್ದ ಈಸ್ಟ್ ಇಂಡಿಯಾ ಕಂಪನಿ, ಹತ್ತು ವರ್ಷದ ಬಾಲಕ ಮಹಾರಾಜ ದುಲೀಪ್ ಸಿಂಗನಿಂದ ಲಾಹೋರ್ ಒಪ್ಪಂದದ ನೆಪದಲ್ಲಿ ಕಿತ್ತುಕೊಂಡ ಹರಳು ಅದು. ಸುಮಾರು 186 ಕ್ಯಾರೆಟ್ ತೂಗುತ್ತಿದ್ದ, ಯಾವ ಹರಳಿಗಾಗಿ ಸಾಮ್ರಾಜ್ಯಗಳು ಕಾದಾಡಿದ್ದವೋ ಆ ಹರಳು, ಪಂಜರದಂಥ ಪೆಟ್ಟಿಗೆಯೊಳಗೆ ಮಂಕಾಗಿ ಕುಳಿತಿತ್ತು. ಸುತ್ತಲೂ ಗ್ಯಾಸ್ ದೀಪಗಳನ್ನು ಹಚ್ಚಿದರೂ ಅದು ಹೇಳಿಕೊಳ್ಳುವಂತೆ ಹೊಳೆಯಲಿಲ್ಲ.

ಮರುವರ್ಷ ವಿಕ್ಟೋರಿಯಾ ರಾಣಿಯ ಪತಿ ಪ್ರಿನ್ಸ್ ಆಲ್ಬರ್ಟನ ಮುತುವರ್ಜಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಸ್ಟರ್ ಸಂಸ್ಥೆಯ ಸಾಣೆಗಾರರನ್ನು ಲಂಡನ್ನಿಗೆ ಕರೆಸಲಾಯಿತು. ಹಬೆಯಂತ್ರದಿಂದ ತಿರುಗುವ ಸಾಣೆಚಕ್ರವೊಂದನ್ನು ಅದಕ್ಕೆಂದೇ ಹೂಡಲಾಯಿತು. ಮೊದಲ ಬಾರಿಗೆ ಹರಳನ್ನು ಚಕ್ರಕ್ಕೆ ಮುಟ್ಟಿಸುವ ಗೌರವ ವಾಟರ್ಲೂ ಯುದ್ಧದ ವೀರ ವೆಲಿಂಗ್ಟನ್ನನಿಗೆ ದೊರೆಯಿತು. ಉಳಿದ ದುಡಿಮೆಯೆಲ್ಲ ಸಾಣೆಗಾರರದು. ಮೂವತ್ತೆಂಟು ದಿನಗಳ ಕೆಲಸ ಮುಗಿದಾಗ ಕೈಯಲ್ಲಿ ಉಳಿದದ್ದು 105.6 ಕ್ಯಾರೆಟ್. ಶೇಕಡಾ ನಲವತ್ತಕ್ಕೂ ಹೆಚ್ಚು ಭಾಗ ಪುಡಿಯಾಗಿ ಹೋಗಿತ್ತು. ಹರಳು ಹೊಳೆಯಿತು ನಿಜ, ಆದರೆ ಅದರ ಹಳೆಯ ಒಡೆಯರಲ್ಲಿ ಯಾರೂ ಅದನ್ನು ಗುರುತಿಸಲಾಗದಷ್ಟು ಬದಲಾಗಿತ್ತು.

ಇದನ್ನು ವಸಾಹತುಶಾಹಿಯ ಇನ್ನೊಂದು ದರ್ಪದ ಕಥೆಯೆಂದು ಓದಬಹುದು, ಹಾಗೆ ಓದುವುದು ತಪ್ಪೂ ಅಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಸಂಗತಿ. ಲಾಹೋರಿನ ದರ್ಬಾರಿನಲ್ಲಿ ಆ ವಜ್ರ ಮಂಕಾಗಿದೆ ಎಂದು ಯಾರೂ ದೂರಿರಲಿಲ್ಲ. ಒಂದೇ ಹರಳು ಒಂದು ಕಡೆ ಪರಿಪೂರ್ಣವೆನಿಸಿ ಇನ್ನೊಂದು ಕಡೆ ಅರೆಬರೆ ಕೆಲಸವೆನಿಸಬೇಕಾದರೆ, ವಜ್ರದ ಗುಣಮಟ್ಟವೆಂದು ನಾವು ಕರೆಯುವುದು ಹರಳಿನೊಳಗೆ ಎಷ್ಟಿದೆ, ನೋಡುವವರ ನಿರೀಕ್ಷೆಯಲ್ಲಿ ಎಷ್ಟಿದೆ? ಆಭರಣದ ವಜ್ರದ ಇತಿಹಾಸವನ್ನು ಓದುತ್ತ ಹೋದಂತೆ, ಅದು ತೂಕವನ್ನು ಉಳಿಸಿಕೊಳ್ಳಬೇಕೆನ್ನುವವರಿಗೂ ಬೆಳಕನ್ನು ಹೊರಡಿಸಬೇಕೆನ್ನುವವರಿಗೂ ನಡುವಿನ ಇನ್ನೂ ಮುಗಿಯದ ವ್ಯಾಜ್ಯವೆಂದೇ ನನಗೆ ತೋರುತ್ತದೆ.

1720ರ ದಶಕದಲ್ಲಿ ಬ್ರೆಜಿಲ್‌ನ ನದಿಪಾತ್ರಗಳಲ್ಲಿ ವಜ್ರ ಸಿಗುವವರೆಗೆ, ಬೋರ್ನಿಯೋ ದ್ವೀಪದ ಅಲ್ಪಸ್ವಲ್ಪವನ್ನು ಬಿಟ್ಟರೆ, ಜಗತ್ತಿಗೆ ವಜ್ರವನ್ನು ಒದಗಿಸುತ್ತಿದ್ದದ್ದು ಭಾರತವೊಂದೇ. ಗೋಲ್ಕೊಂಡದ ವಜ್ರವೆಂದು ಹೆಸರಾದದ್ದು ಗೋಲ್ಕೊಂಡದ ಕೋಟೆಯೊಳಗೆ ಸಿಕ್ಕದ್ದಲ್ಲ. ಅದು ವ್ಯಾಪಾರದ ಕೇಂದ್ರ. ಹರಳುಗಳು ಬಂದದ್ದು ಕೃಷ್ಣಾ ನದಿಯ ಆಸುಪಾಸಿನ ಮೆಕ್ಕಲು ಮಣ್ಣಿನಿಂದ, ಮುಖ್ಯವಾಗಿ ಕೊಲ್ಲೂರಿನ ಗಣಿಯಿಂದ (ಮೂಕಾಂಬಿಕೆಯ ಕೊಲ್ಲೂರಲ್ಲ, ಕೃಷ್ಣಾ ದಂಡೆಯ ಕೊಲ್ಲೂರು). ವಿಜಯನಗರದ ಆಡಳಿತವನ್ನು ವಿವರಿಸಿದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಗಣಿಗಳಿದ್ದ ಸೀಮೆಯ ನಾಯಕನು ಇಪ್ಪತ್ತು ಮಂಜಲಿಗಿಂತ (ವಜ್ರ ತೂಗುವ ಅಂದಿನ ಮಾನ) ಹೆಚ್ಚು ತೂಗುವ ಹರಳುಗಳನ್ನೆಲ್ಲ ಅರಸನ ಭಂಡಾರಕ್ಕೆ ಒಪ್ಪಿಸಬೇಕಾಗಿತ್ತೆಂದು ಬರೆದಿದ್ದಾನೆ. ಅರಸನ ಪಾಲು ಯಾವುದು, ಉಳಿದವರ ಪಾಲು ಯಾವುದು ಎಂಬುದನ್ನು ನಿರ್ಧರಿಸಿದ್ದು ಹೊಳಪಲ್ಲ, ತಕ್ಕಡಿ.

ಹಾಗೆಂದು ಇಲ್ಲಿನವರಿಗೆ ಬೆಳಕಿನ ಪರಿವೆ ಇರಲಿಲ್ಲವೆಂದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಒಳ್ಳೆಯ ವಜ್ರದ ಲಕ್ಷಣವನ್ನು ಹೇಳುವಾಗ, ಯಾವ ದ್ರವ್ಯಕ್ಕೂ ಭೇದಿಸಲಾಗದ್ದು, ಹಗುರವಾದದ್ದು, ಕಿರಣದಂತೆ ನೀರಿನ ಮೇಲೆ ತೇಲುವಂಥದ್ದು, ಸ್ನಿಗ್ಧವಾದದ್ದು, ಮಿಂಚು, ಬೆಂಕಿ ಮತ್ತು ಕಾಮನಬಿಲ್ಲನ್ನು ಹೋಲುವಂಥದ್ದು ಎನ್ನುತ್ತಾನೆ. ನೀರಿಗಿಂತ ಮೂರೂವರೆ ಪಟ್ಟು ಸಾಂದ್ರವಾದ ವಸ್ತು ತೇಲುವುದೆಂತು ಎಂದು ನಗುವ ಮೊದಲು ಒಂದು ಮಾತು: ವಜ್ರದ ಮೈಗೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ಗಣಿಗಳಲ್ಲಿ ಇದೇ ಗುಣವನ್ನು ನೆಚ್ಚಿ, ಗ್ರೀಸ್ ಬಳಿದ ಇಳಿಜಾರು ಮೇಜಿನ ಮೇಲೆ ನೀರಿನೊಂದಿಗೆ ಪುಡಿಗಲ್ಲನ್ನು ಹರಿಸುತ್ತಿದ್ದರು. ಬೇರೆಲ್ಲ ಕಲ್ಲು ಕೊಚ್ಚಿಹೋಗಿ ವಜ್ರ ಮಾತ್ರ ಗ್ರೀಸಿಗೆ ಕಚ್ಚಿಕೊಳ್ಳುತ್ತಿತ್ತು. ಆಳ ಕಣಿವೆಗೆ ಮಾಂಸದ ತುಂಡುಗಳನ್ನು ಎಸೆದು, ಅವಕ್ಕೆ ಅಂಟಿದ ವಜ್ರಗಳನ್ನು ಹದ್ದುಗಳಿಂದ ಮೇಲೆ ತರಿಸುತ್ತಿದ್ದರೆಂದು ಮಾರ್ಕೊ ಪೋಲೊ ಹೇಳಿದ ಕಥೆಯ ಹಿಂದೆಯೂ ಈ ಅಂಟಿನ ಅನುಭವವೇ ಇದ್ದೀತು.

ವರಾಹಮಿಹಿರನು ಹೇಳುವ ದೋಷಗಳು ಗುಣಗಳಿಗಿಂತ ಸ್ವಾರಸ್ಯಕರವಾಗಿವೆ. ಕಾಗೆಯ ಕಾಲಿನ ಗುರುತು, ನೊಣ, ಕೂದಲು, ಕಲ್ಲಿನ ಹರಳು, ಸುಟ್ಟಂಥ ಕಲೆ, ಕಲಕಿದ ಬಣ್ಣ ಇವೆಲ್ಲ ಅವನಿಗೆ ಅಶುಭ. ಇಂದಿನ ಪ್ರಯೋಗಾಲಯದ ವರದಿಯನ್ನು ತೆರೆದರೆ ಅದರಲ್ಲಿ ಗರಿ, ಮೋಡ, ಸೂಜಿ, ಸೂಜಿಮೊನೆಯಷ್ಟು ಚುಕ್ಕೆ ಎಂಬ ಹೆಸರುಗಳು ಸಿಗುತ್ತವೆ. ನೋಡಿದ್ದು ಒಂದನ್ನೇ, ಕೊಟ್ಟ ಹೆಸರು ಬೇರೆ. ವ್ಯತ್ಯಾಸವಿರುವುದು ಅದರ ಪರಿಣಾಮವೆಂದು ಊಹಿಸಿದ್ದರಲ್ಲಿ: ಅಂದು ಕಾಗೆಯ ಕಾಲು ಧರಿಸಿದವನ ಆಯುಸ್ಸು ಮತ್ತು ಸಂಪತ್ತಿಗೆ ಕುತ್ತು ತರುತ್ತಿತ್ತು, ಇಂದು ಗರಿ ಮರುಮಾರಾಟದ ಬೆಲೆಗೆ ಕುತ್ತು ತರುತ್ತದೆ. ವಜ್ರ ಆಗ ಮೊದಲಿಗೆ ರಕ್ಷೆ, ಆಮೇಲೆ ಒಡವೆ. ಯಾವ ಬಣ್ಣದ ವಜ್ರ ಯಾವ ವರ್ಣದವರಿಗೆ ಎಂದೂ ಶಾಸ್ತ್ರ ವಿಧಿಸಿತ್ತು. ರಕ್ಷೆಯಾದ ಕಲ್ಲನ್ನು ಸಾಣೆ ಹಿಡಿದು ಸವೆಸುವುದೆಂದರೆ ಅದರ ಶಕ್ತಿಯನ್ನೇ ಸವೆಸಿದಂತೆ. ಪ್ರಕೃತಿ ಕೊಟ್ಟ ಎಂಟು ಮುಖಗಳ ಹರಳಿನ ರೂಪವೇ ಪರಮ ರೂಪವೆಂದು ಅವರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಹದಿನೇಳನೆಯ ಶತಮಾನದಲ್ಲಿ ಈ ಗಣಿಗಳನ್ನು ಕಣ್ಣಾರೆ ಕಂಡ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಒಂದು ಮಾತನ್ನು ಗಮನಿಸಿದ್ದ. ಹರಳು ಸ್ವಚ್ಛವಾಗಿದ್ದರೆ ಇಲ್ಲಿನ ಸಾಣೆಗಾರರು ಅದನ್ನು ಮೇಲೆ ಕೆಳಗೆ ಒಂದಿಷ್ಟು ಚಕ್ರಕ್ಕೆ ತಾಗಿಸಿ ಬಿಟ್ಟುಬಿಡುತ್ತಿದ್ದರು, ತೂಕ ಕಡಿಮೆಯಾದೀತೆಂಬ ಭಯದಿಂದ ಅದಕ್ಕೆ ಆಕಾರ ಕೊಡಲು ಹೋಗುತ್ತಿರಲಿಲ್ಲ. ಹರಳಿನಲ್ಲಿ ಬಿರುಕೋ ಚುಕ್ಕೆಯೋ ಇದ್ದರೆ ಮಾತ್ರ ಅದು ಕಾಣದಂತೆ ಮೈತುಂಬ ಸಣ್ಣ ಸಣ್ಣ ಮುಖಗಳನ್ನು ಕೊರೆಯುತ್ತಿದ್ದರು. ಎಂದರೆ ಆ ಕಾಲದ ಬಲ್ಲವನ ಕಣ್ಣಿಗೆ ಹೆಚ್ಚು ಮುಖಗಳಿರುವ ವಜ್ರವೆಂದರೆ ಏನನ್ನೋ ಬಚ್ಚಿಟ್ಟ ವಜ್ರ. ಇಂದಿನ ಐವತ್ತೇಳು ಮುಖಗಳ ಹರಳನ್ನು ಅವನ ಕೈಗಿತ್ತಿದ್ದರೆ ಅವನು ಹುಬ್ಬು ಗಂಟಿಕ್ಕುತ್ತಿದ್ದ. ತಾವೆರ್ನಿಯೆ ಇಲ್ಲಿಂದ ಕೊಂಡೊಯ್ದು ಹದಿನಾಲ್ಕನೆಯ ಲೂಯಿಗೆ ಮಾರಿದ ದೊಡ್ಡ ನೀಲಿ ವಜ್ರಕ್ಕೂ ಇದೇ ಗತಿಯಾಯಿತು: 1673ರಲ್ಲಿ ಅದನ್ನು ಹೊಸ ರುಚಿಗೆ ತಕ್ಕಂತೆ ಕಡಿದರು, 1792ರ ಕ್ರಾಂತಿಯ ಗದ್ದಲದಲ್ಲಿ ಅದು ಕಳವಾಯಿತು, ಮತ್ತೆ ಕಡಿಸಿಕೊಂಡು ಹೋಪ್ ವಜ್ರವೆಂಬ ಹೆಸರಿನಲ್ಲಿ ಹೊರಬಂತು. ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿರುವ ಅದರ ತೂಕ 45.52 ಕ್ಯಾರೆಟ್.

ಯುರೋಪಿನವರು ಹೀಗೆ ಕೈಯಾರೆ ತೂಕ ಕಳೆದುಕೊಳ್ಳಲು ಸಿದ್ಧರಾದದ್ದು ಏಕೆ? ಮೊನೆಯನ್ನಷ್ಟೇ ಒಪ್ಪಮಾಡಿದ ಹರಳು, ಮೊನೆಯನ್ನು ಸಮತಟ್ಟಾಗಿ ತೇಯ್ದ ಟೇಬಲ್ ಕಟ್, ಅಡಿಭಾಗ ಚಪ್ಪಟೆಯಾಗಿ ಮೇಲ್ಭಾಗ ಮೊಗ್ಗಿನಂತಿರುವ ರೋಸ್ ಕಟ್, ಆಮೇಲೆ ಮೇಲೂ ಕೆಳಗೂ ಹಲವು ಮುಖಗಳಿರುವ ಬ್ರಿಲಿಯಂಟ್, ಹೀಗೆ ಶತಮಾನಗಟ್ಟಲೆ ಸಾಣೆಗಾರರು ಕೈಯಂದಾಜಿನಲ್ಲಿಯೇ ಒಂದು ಗುಟ್ಟಿನ ಸಮೀಪಕ್ಕೆ ಬರುತ್ತಿದ್ದರು. ವಜ್ರವು ಬೆಳಕನ್ನು ಬಹಳವಾಗಿ ಬಾಗಿಸುತ್ತದೆ. ಅದರ ವಕ್ರೀಭವನ ಸೂಚ್ಯಂಕ 2.42. ಈ ಕಾರಣದಿಂದ ಹರಳಿನೊಳಗೆ ಹೊಕ್ಕ ಕಿರಣ ಒಳಗಿನಿಂದ ಯಾವುದಾದರೊಂದು ಮುಖಕ್ಕೆ ಸುಮಾರು ಇಪ್ಪತ್ತನಾಲ್ಕೂವರೆ ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಗೆ ಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಅಡಿಭಾಗದ ಓರೆಯನ್ನು ಸರಿಯಾಗಿ ಕಡಿದರೆ ಮೇಲಿನಿಂದ ಹೊಕ್ಕ ಬೆಳಕು ಒಂದು ಬದಿಗೆ ಬಡಿದು, ಎದುರು ಬದಿಗೆ ಜಿಗಿದು, ಮತ್ತೆ ಮೇಲಿನಿಂದಲೇ ನೋಡುವವರ ಕಣ್ಣಿಗೆ ಮರಳುತ್ತದೆ. ಹೊರಡುವಾಗ ಬಣ್ಣಬಣ್ಣವಾಗಿ ಒಡೆಯುತ್ತದೆ. ಅಡಿ ತೀರಾ ಆಳವಾದರೆ ಬೆಳಕು ಪಕ್ಕದಿಂದ ಸೋರಿಹೋಗಿ ನಡುವೆ ಕಪ್ಪು ಕವಿಯುತ್ತದೆ. ತೀರಾ ತೆಳುವಾದರೆ ಹರಳಿನ ಅಂಚು ಒಳಗೆ ಬೂದು ಬಣ್ಣದ ಬಳೆಯಾಗಿ ಮೂಡಿ ಮೀನಿನ ಕಣ್ಣಿನಂತೆ ನಿರ್ಜೀವವಾಗಿ ಕಾಣುತ್ತದೆ. 1919ರಲ್ಲಿ ಸಾಣೆಗಾರರ ಮನೆತನದ ತರುಣ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ ಇದನ್ನೆಲ್ಲ ಲೆಕ್ಕಕ್ಕೆ ಇಳಿಸಿದ: ದುಂಡು ಹರಳಿಗೆ ಅಡಿಭಾಗದ ಓರೆ 40.75 ಡಿಗ್ರಿ, ಮೇಲ್ಭಾಗದ್ದು 34.5 ಡಿಗ್ರಿ, ನೆತ್ತಿಯ ಸಮತಟ್ಟು ಮುಖದ ಅಗಲ ಒಟ್ಟು ಅಗಲದ ಶೇಕಡಾ 53. ಅಂದಿನಿಂದ ಈ ಅಂಕಿಗಳನ್ನು ತಿದ್ದಿದವರಿದ್ದಾರೆ, ಮೂಲೆಗೆ ತಳ್ಳಿದವರಿಲ್ಲ.

ಈ ಲೆಕ್ಕವನ್ನು ಕಲ್ಲಿನಲ್ಲಿ ಮೂಡಿಸುವ ಕೆಲಸ ಕಾಗದದ ಮೇಲೆ ಕಾಣುವಷ್ಟು ಸುಲಭದ್ದಲ್ಲ. ವಜ್ರವನ್ನು ವಜ್ರವೇ ತೇಯಬೇಕು: ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿಯನ್ನು ಬಳಿದ ಕಬ್ಬಿಣದ ಚಕ್ರದ ಮೇಲೆ ಹರಳನ್ನು ಒತ್ತಿ ಹಿಡಿಯಬೇಕು. ಹರಳು ಎಲ್ಲ ದಿಕ್ಕಿಗೂ ಒಂದೇ ಸಮ ಗಟ್ಟಿಯಲ್ಲ. ತಪ್ಪು ದಿಕ್ಕಿನಲ್ಲಿ ಹಿಡಿದರೆ ಗಂಟೆಗಟ್ಟಲೆ ತಿರುಗಿಸಿದರೂ ಸವೆಯದು, ಕೊಂಚ ತಿರುಗಿಸಿ ಹಿಡಿದರೆ ಕೆಲಸ ಸಾಗುತ್ತದೆ. ಬಲ್ಲ ಸಾಣೆಗಾರ ಚಕ್ರದ ಸದ್ದಿನಿಂದಲೇ ದಿಕ್ಕನ್ನು ತಿಳಿಯುತ್ತಾನೆ. ಮತ್ತೊಂದೆಡೆ, ನಾಲ್ಕು ನಿರ್ದಿಷ್ಟ ದಿಕ್ಕುಗಳಲ್ಲಿ ವಜ್ರ ಒಂದೇ ಏಟಿಗೆ ಸೀಳುತ್ತದೆ. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ, 3,106 ಕ್ಯಾರೆಟ್ ತೂಗಿದ ಕಲಿನನ್ ವಜ್ರವನ್ನು 1908ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಆಶರ್ ಸಂಸ್ಥೆಯಲ್ಲಿ ಹೀಗೆಯೇ ಸೀಳಿ ಒಂಬತ್ತು ದೊಡ್ಡ ಹರಳುಗಳನ್ನೂ ಹಲವು ಚಿಕ್ಕವನ್ನೂ ಮಾಡಿದರು. ನಿಜವಾದ ವಜ್ರ ಸುತ್ತಿಗೆಯ ಏಟಿಗೂ ಜಗ್ಗದು, ಆಡಿನ ರಕ್ತದಲ್ಲಿ ನೆನೆಸಿದರೆ ಮಾತ್ರ ಒಡೆಯುತ್ತದೆ ಎಂದು ರೋಮಿನ ಪ್ಲಿನಿ ಬರೆದಿಟ್ಟಿದ್ದ. ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ ಎಂಬುದನ್ನು ಅರಿಯದೆ ಆ ಪರೀಕ್ಷೆ ಮಾಡಿದವರ ಕೈಯಲ್ಲಿ ಎಷ್ಟು ಅಸಲಿ ಹರಳುಗಳು ಪುಡಿಯಾಗಿರಬಹುದೋ! ಉಂಗುರದ ವಜ್ರದ ತೆಳುವಾದ ಅಂಚು ಇಂದಿಗೂ ಬಾಗಿಲ ಚಿಲಕಕ್ಕೆ ಬಡಿದು ಚಕ್ಕೆ ಏಳಬಲ್ಲದು.

1866–67ರಲ್ಲಿ ದಕ್ಷಿಣ ಆಫ್ರಿಕಾದ ಆರೆಂಜ್ ನದಿಯ ಬಳಿ ಮೊದಲ ಹರಳು ಸಿಕ್ಕು, ನಾಲ್ಕೈದು ವರ್ಷಗಳಲ್ಲಿ ಕಿಂಬರ್ಲಿಯ ಗಣಿಗಳು ತೆರೆದುಕೊಂಡ ಮೇಲೆ, ಅಲ್ಲಿಯವರೆಗೆ ಅರಸರ ಕೈಯಲ್ಲಿದ್ದ ವಸ್ತು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂತು. ರಾಶಿ ಬಿದ್ದ ವಸ್ತುವಿಗೆ ಅರಸನ ಬೆಲೆ ಉಳಿಯುವುದಿಲ್ಲ. 1888ರಲ್ಲಿ ಸೆಸಿಲ್ ರೋಡ್ಸ್ ಗಣಿಗಳನ್ನೆಲ್ಲ ಒಗ್ಗೂಡಿಸಿ ಡಿ ಬಿಯರ್ಸ್ ಕಂಪನಿಯನ್ನು ಕಟ್ಟಿದ್ದು ಈ ಅಪಾಯವನ್ನು ತಡೆಯಲೆಂದೇ, ಮತ್ತು ಇಪ್ಪತ್ತನೆಯ ಶತಮಾನದ ಬಹುಪಾಲು ಆ ಕಂಪನಿ ಎಷ್ಟು ಹರಳು ಹೊರಗೆ ಬರಬೇಕೆಂಬುದನ್ನು ತಾನೇ ನಿರ್ಧರಿಸಿತು. ಪೂರೈಕೆಯನ್ನು ಬಿಗಿ ಹಿಡಿದರಷ್ಟೇ ಸಾಲದು, ಬಯಕೆಯನ್ನೂ ಬೆಳೆಸಬೇಕಿತ್ತು. ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್ 1477ರಲ್ಲಿ ಬರ್ಗಂಡಿಯ ಮೇರಿಗೆ ಕೊಟ್ಟ ನಿಶ್ಚಿತಾರ್ಥದ ಉಂಗುರವನ್ನು ಈ ಪದ್ಧತಿಯ ಮೂಲವೆಂದು ಹೇಳುವುದುಂಟು. ಆದರೆ ಅದನ್ನು ಸಾಮಾನ್ಯ ಸಂಬಳದಾರರ ಕರ್ತವ್ಯವನ್ನಾಗಿಸಿದ್ದು ಡಿ ಬಿಯರ್ಸ್‌ಗಾಗಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದು ನಡೆಸಿದ ಪ್ರಚಾರ. ವಜ್ರ ಶಾಶ್ವತವೆಂಬ ಘೋಷವಾಕ್ಯವನ್ನು 1947ರಲ್ಲಿ ಬರೆದ ಫ್ರಾನ್ಸೆಸ್ ಜೆರಾಟಿ ಸ್ವತಃ ಮದುವೆಯಾಗಲಿಲ್ಲ. ಜಾಹೀರಾತು ಹುಟ್ಟಿಸಿದ ಅರ್ಥವೆಂಬ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಅದನ್ನು ನಂಬಿ ಧರಿಸಿದವರ ಪಾಲಿಗೆ ಆ ಉಂಗುರದ ಭಾವ ನಿಜವೇ. ವಿಜ್ಞಾನ ಮಾತ್ರ ಶಾಶ್ವತತೆಗೆ ಸಾಕ್ಷಿ ನುಡಿಯುವುದಿಲ್ಲ. 1772ರಲ್ಲಿ ಲವಾಸಿಯೆ ವಜ್ರವನ್ನು ಸುಟ್ಟು ತೋರಿಸಿದ, 1797ರಲ್ಲಿ ಸ್ಮಿತ್ಸನ್ ಟೆನೆಂಟ್ ಅದು ಬರಿಯ ಇಂಗಾಲವೆಂದು ಸಾಧಿಸಿದ. ಒಡವೆಯ ಬೆಸುಗೆಯ ಜ್ವಾಲೆ ನೇರವಾಗಿ ತಾಗಿದರೆ ಹರಳಿನ ಮೈ ಇಂದಿಗೂ ಬೆಳ್ಳಗೆ ಮಬ್ಬಾಗುತ್ತದೆ.

ಈ ನಡುವೆ ರಕ್ತದ ಅಧ್ಯಾಯವೊಂದಿದೆ. ಸಿಯೆರಾ ಲಿಯೋನ್ ಮತ್ತು ಅಂಗೋಲಾದ ಬಂಡುಕೋರರು 1990ರ ದಶಕದಲ್ಲಿ ವಜ್ರ ಮಾರಿ ಬಂದೂಕು ಕೊಂಡರು; ಅದಕ್ಕೆ ಉತ್ತರವಾಗಿ 2003ರಲ್ಲಿ ಕಿಂಬರ್ಲಿ ಪ್ರಮಾಣೀಕರಣ ಜಾರಿಗೆ ಬಂತು. ಅದು ತಡೆಯುವುದು ಬಂಡುಕೋರರ ಯುದ್ಧಕ್ಕೆ ಹಣ ಒದಗಿಸುವ ಕಚ್ಚಾ ಹರಳನ್ನು ಮಾತ್ರ. ಸರ್ಕಾರದ ಪಡೆಗಳೇ ಗಣಿ ಕಾರ್ಮಿಕರನ್ನು ಹಿಂಸಿಸಿದರೆ ಆ ವ್ಯಾಖ್ಯೆಗೆ ಅದು ಕಾಣುವುದಿಲ್ಲ. ಹರಳಿನೊಳಗಿನ ನೊಣದ ಗುರುತನ್ನು ಹತ್ತು ಪಟ್ಟು ಹಿಗ್ಗಿಸಿ ನೋಡುವ ವ್ಯಾಪಾರ ಇದನ್ನು ಇಷ್ಟು ದೂರದಿಂದ ನೋಡುವುದು ನನಗೆ ವಿಚಿತ್ರವೆನಿಸುತ್ತದೆ.

ಇಂದಿನ ಗುಣಮಟ್ಟದ ಭಾಷೆ ರೂಪುಗೊಂಡದ್ದು ಅಮೆರಿಕದ ರತ್ನಶಾಸ್ತ್ರ ಸಂಸ್ಥೆಯಾದ ಜಿಐಎಯಲ್ಲಿ. ಬಣ್ಣ, ಸ್ವಚ್ಛತೆ, ಕಟ್, ಕ್ಯಾರೆಟ್ ಎಂಬ ನಾಲ್ಕು ಅಳತೆಗೋಲುಗಳನ್ನು ಅದು ಜನಪ್ರಿಯಗೊಳಿಸಿತು, 1953ರ ಹೊತ್ತಿಗೆ ಬಣ್ಣಕ್ಕೆ ಡಿಯಿಂದ ಜೆಡ್‌ವರೆಗಿನ ಶ್ರೇಣಿಯನ್ನು ಕೊಟ್ಟಿತು. ಎ, ಡಬಲ್ ಎ ಎಂದು ವರ್ತಕರು ಮನಬಂದಂತೆ ಕರೆಯುತ್ತಿದ್ದ ಹಳೆಯ ಹೆಸರುಗಳ ಗೊಂದಲ ಬೇಡವೆಂದು ಶ್ರೇಣಿ ಡಿಯಿಂದ ಆರಂಭವಾಯಿತು. ಡಿ ಎಂದರೆ ಬಣ್ಣವೇ ಇಲ್ಲದ್ದು. ಕೆಳಗಿಳಿದಂತೆ ಹಳದಿ ಏರುತ್ತದೆ, ಆ ಹಳದಿಗೆ ಕಾರಣ ಹರಳಿನಲ್ಲಿ ಸೇರಿಕೊಂಡ ಸಾರಜನಕ. ಬೋರಾನ್ ಸೇರಿದರೆ ನೀಲಿ. ಹರಳಿನ ಜಾಲವೇ ಒತ್ತಡಕ್ಕೆ ತಿರುಚಿಕೊಂಡರೆ ನಸುಗೆಂಪು. ಸ್ವಚ್ಛತೆಯನ್ನು ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ ನೋಡಿ, ದೋಷವೇ ಇಲ್ಲದ್ದರಿಂದ ಬರಿಗಣ್ಣಿಗೇ ದೋಷ ಕಾಣುವುದರವರೆಗೆ ಹನ್ನೊಂದು ಮೆಟ್ಟಿಲುಗಳಲ್ಲಿ ಇಡುತ್ತಾರೆ.

ಲೂಪನ್ನು ಕಣ್ಣಿಗೆ ಒತ್ತಿಕೊಂಡು, ಚಿಮಟದಲ್ಲಿ ಅಂಚು ಹಿಡಿದ ಹರಳನ್ನು ಹತ್ತಿರಕ್ಕೆ ತಂದರೆ ಮೊದಲಿಗೆ ಬರಿಯ ಕನ್ನಡಿಗಳ ಕಾಡು. ನಿಧಾನವಾಗಿ ನೋಟವನ್ನು ಆಳಕ್ಕೆ ಇಳಿಸಿದಂತೆ ಒಂದು ಮೂಲೆಯಲ್ಲಿ ಬಿಳಿಯ ಗರಿಯಂಥ ಸೀಳು, ಅದರ ಪಕ್ಕದಲ್ಲಿ ಕಪ್ಪೋ ಕೆಂಪೋ ಆದ ಚುಕ್ಕೆ, ಮುಖಗಳ ಪ್ರತಿಫಲನದಿಂದ ಒಂದೇ ಚುಕ್ಕೆ ನಾಲ್ಕೈದಾಗಿ ಕಾಣುವುದು. ಆ ಕೆಂಪು ಗಾರ್ನೆಟ್ ಖನಿಜದ ಕಣವಾಗಿರಬಹುದು. ಭೂಮಿಯೊಳಗೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ನೂರು ಕೋಟಿ ವರ್ಷಗಳಿಗೂ ಹಿಂದೆ, ವಜ್ರ ಬೆಳೆಯುವಾಗ ಸಿಕ್ಕಿಬಿದ್ದದ್ದು. ವಜ್ರದ ವಯಸ್ಸನ್ನು ತಿಳಿಯುವುದು ವಜ್ರದಿಂದಲ್ಲ, ಈ ಸೆರೆಯಾಳುಗಳಿಂದ. 2014ರಲ್ಲಿ ಬ್ರೆಜಿಲ್‌ನ ಒಡವೆಗೆ ಬಾರದ ಸಣ್ಣ ವಜ್ರವೊಂದರಲ್ಲಿ ರಿಂಗ್‌ವುಡೈಟ್ ಎಂಬ ಖನಿಜದ ಕಣ ಸಿಕ್ಕು, ಭೂಗರ್ಭದ ಆಳದ ಪದರದಲ್ಲಿ ನೀರಿನ ಅಂಶವಿದೆ ಎಂಬುದಕ್ಕೆ ಪುರಾವೆಯಾಯಿತು. ಒಡವೆಯವರು ಕಸವೆಂದು ಬದಿಗಿಟ್ಟದ್ದು ಭೂವಿಜ್ಞಾನಿಗಳಿಗೆ ನಿಧಿ.

ಈ ಮೆಟ್ಟಿಲುಗಳ ಬಗ್ಗೆ ನನ್ನ ತಕರಾರು ಒಂದೇ. ಡಿ ಮತ್ತು ಎಫ್ ಬಣ್ಣಗಳ ನಡುವಿನ ಅಂತರವನ್ನು ತರಬೇತಿ ಪಡೆದವರೂ ಹರಳನ್ನು ತಲೆಕೆಳಗಾಗಿಟ್ಟು, ಬಿಳಿಯ ಹಿನ್ನೆಲೆಯಲ್ಲಿ, ಮಾದರಿ ಹರಳುಗಳ ಪಕ್ಕದಲ್ಲಿರಿಸಿ ತೀರ್ಮಾನಿಸುತ್ತಾರೆ. ಹರಳನ್ನು ಚಿನ್ನದಲ್ಲಿ ಕಟ್ಟಿದ ಮೇಲೆ ಆ ಅಂತರ ಯಾರ ಕಣ್ಣಿಗೂ ಬೀಳದು. ಸ್ವಚ್ಛತೆಯ ಮೇಲಿನ ಅರ್ಧ ಡಜನ್ ಮೆಟ್ಟಿಲುಗಳದ್ದೂ ಇದೇ ಕಥೆ. ಕಣ್ಣಿಗೆ ನಿಜವಾಗಿ ಕಾಣುವ, ಮನುಷ್ಯನ ಕೈಯಿಂದ ಬರುವ ಒಂದೇ ಗುಣವಾದ ಕಟ್‌ಗೆ ಜಿಐಎ ದರ್ಜೆ ಕೊಡಲಾರಂಭಿಸಿದ್ದು 2006ರಲ್ಲಿ, ಅದೂ ದುಂಡು ಬ್ರಿಲಿಯಂಟ್‌ಗೆ ಮಾತ್ರ. ಅಳೆಯಲು ಸುಲಭವಾದದ್ದು ಮುಖ್ಯವಾಗಿಬಿಟ್ಟಿತು, ಮುಖ್ಯವಾದದ್ದು ಕಾಯುತ್ತ ಕುಳಿತಿತು. ಕ್ಯಾರೆಟ್ಟಿನ ಮೋಹವಂತೂ ತಾವೆರ್ನಿಯೆ ಕಂಡಲ್ಲಿಂದ ಕದಲಿಲ್ಲ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಚೆನ್ನಾಗಿ ಕಡಿದ ಒಂದು ಕ್ಯಾರೆಟ್ ದುಂಡು ಹರಳಿನ ಅಗಲ ಸುಮಾರು 6.5 ಮಿಲಿಮೀಟರ್, ಎರಡು ಕ್ಯಾರೆಟ್ಟಿನದು ಸುಮಾರು 8.2. ತೂಕ ಇಮ್ಮಡಿಯಾದರೂ ಅಗಲ ಹೆಚ್ಚುವುದು ಕಾಲುಭಾಗದಷ್ಟು. ಆದರೂ 0.95ರಲ್ಲಿ ಅಂದವಾಗಿ ಮುಗಿಯಬಹುದಾಗಿದ್ದ ಹರಳನ್ನು ಅಂಚು ದಪ್ಪ ಬಿಟ್ಟು, ಅಡಿ ಆಳವಾಗಿಸಿ, 1.00 ದಾಟಿಸುವುದುಂಟು. ಆ ಹೆಚ್ಚುವರಿ ತೂಕ ಕೂರುವುದು ಒಡವೆಯ ಕಟ್ಟಿನ ಒಳಗೆ, ಯಾರಿಗೂ ಕಾಣದಲ್ಲಿ, ಮತ್ತು ಅದಕ್ಕಾಗಿ ತೆತ್ತದ್ದು ಬೆಳಕು.

ಪ್ರಯೋಗಾಲಯದಲ್ಲಿ ಬೆಳೆದ ವಜ್ರ ಈ ವ್ಯಾಜ್ಯಕ್ಕೆ ಅನಿರೀಕ್ಷಿತ ತಿರುವು ಕೊಟ್ಟಿದೆ. 1954ರ ಡಿಸೆಂಬರಿನಲ್ಲಿ ಜನರಲ್ ಎಲೆಕ್ಟ್ರಿಕ್ ಭಾರೀ ಒತ್ತಡ ಮತ್ತು ಶಾಖದಿಂದ ವಜ್ರದ ಪುಡಿಯನ್ನು ತಯಾರಿಸಿತು, 1970ರಲ್ಲಿ ಒಡವೆಗೆ ಒಗ್ಗುವ ಹರಳನ್ನು ತೋರಿಸಿತು. ಈಗ ಮೀಥೇನ್ ಮತ್ತು ಹೈಡ್ರೋಜನ್ ಅನಿಲಗಳನ್ನು ಪ್ಲಾಸ್ಮಾ ಆಗಿಸಿ, ತೆಳುವಾದ ವಜ್ರದ ಬಿಲ್ಲೆಯ ಮೇಲೆ ಪದರ ಪದರವಾಗಿ ಇಂಗಾಲವನ್ನು ಕೂರಿಸುವ ಸಿವಿಡಿ ವಿಧಾನದಲ್ಲಿ ಕೆಲವೇ ವಾರಗಳಲ್ಲಿ ದೊಡ್ಡ ಹರಳು ಬೆಳೆಯುತ್ತದೆ. ಇದು ನಕಲಿಯಲ್ಲ. ವಜ್ರದ ನಕಲಿಯಾಗಿ ಮಾರುವ ಜಿರ್ಕೋನಿಯಾ ವಜ್ರಕ್ಕಿಂತ ಬಹಳ ಭಾರ ಮತ್ತು ಶಾಖವನ್ನು ಅಷ್ಟಾಗಿ ಹಾಯಿಸದು, ಆದ್ದರಿಂದ ಶಾಖದ ಪರೀಕ್ಷಕದಲ್ಲಿ ಸಿಕ್ಕಿಬೀಳುತ್ತದೆ. ಅಂಥದೇ ಇನ್ನೊಂದು ಹರಳಾದ ಮೋಯ್ಸನೈಟ್ ಆ ಪರೀಕ್ಷಕವನ್ನು ವಂಚಿಸಿದರೂ ಲೂಪಿನಲ್ಲಿ ಅದರ ಹಿಂಬದಿಯ ಅಂಚುಗಳು ಜೋಡಿಯಾಗಿ ಕಾಣುತ್ತವೆ. ಬೆಳೆಸಿದ ವಜ್ರ ಮಾತ್ರ ಎಲ್ಲ ಬಗೆಯಲ್ಲೂ ವಜ್ರವೇ. ಅದು ಎಲ್ಲಿ ಬೆಳೆಯಿತೆಂಬುದನ್ನು ಹೇಳಲು ಬೆಳವಣಿಗೆಯ ಪದರಗಳನ್ನು ಓದಬಲ್ಲ ಪ್ರಯೋಗಾಲಯದ ಉಪಕರಣಗಳೇ ಬೇಕು.

ಇದರಲ್ಲೊಂದು ವ್ಯಂಗ್ಯವಿದೆ. ಗೋಲ್ಕೊಂಡದ ಹೆಸರಾಂತ ಹರಳುಗಳ ನೀರಿನಂಥ ತಿಳಿಗೆ ಕಾರಣ ಅವುಗಳಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ ಇರುವುದು. ರತ್ನಶಾಸ್ತ್ರ ಅವನ್ನು ಟೈಪ್ ಟು-ಎ ಎಂದು ಗುರುತಿಸುತ್ತದೆ, ಗಣಿಯ ವಜ್ರಗಳಲ್ಲಿ ಅವು ತೀರಾ ವಿರಳ. ಸಿವಿಡಿ ಯಂತ್ರಗಳಿಂದ ಹೊರಬರುವ ಹರಳುಗಳಲ್ಲಿ ಬಹುಪಾಲು ಇದೇ ಟೈಪ್ ಟು-ಎ. ಯಾವ ತಿಳಿಗಾಗಿ ಅರಸರು ಭಂಡಾರ ಬರಿದು ಮಾಡಿದರೋ ಅದು ಈಗ ಅನಿಲದ ಶುದ್ಧತೆಯ ಪ್ರಶ್ನೆ. ಹಾಗಾಗಿ ಬಣ್ಣ ಮತ್ತು ಸ್ವಚ್ಛತೆಯ ಏಣಿ, ಅಪರೂಪವನ್ನು ಅಳೆಯಲೆಂದು ಕಟ್ಟಿದ್ದು, ಬೆಳೆಸಿದ ಹರಳಿನ ಮುಂದೆ ತನ್ನ ಕೆಲಸ ಕಳೆದುಕೊಂಡಿತು. ಬಹುತೇಕ ಎಲ್ಲ ಹರಳುಗಳೂ ಏಣಿಯ ಮೇಲಿನ ಮೆಟ್ಟಿಲುಗಳಲ್ಲೇ ನೆರೆಯುತ್ತಿದ್ದುದರಿಂದ, ಬೆಳೆಸಿದ ವಜ್ರಗಳಿಗೆ ಆ ಅಕ್ಷರಗಳನ್ನು ಕೊಡುವುದನ್ನು ನಿಲ್ಲಿಸಿ ಪ್ರೀಮಿಯಂ, ಸ್ಟ್ಯಾಂಡರ್ಡ್ ಎಂಬ ಎರಡೇ ವರ್ಗಗಳಿಗೆ ಇಳಿಯುವುದಾಗಿ ಜಿಐಎ 2025ರಲ್ಲಿ ಪ್ರಕಟಿಸಿತು. ಗಣಿಯ ವಜ್ರಕ್ಕೆ ಹಳೆಯ ಏಣಿ ಮುಂದುವರಿಯುತ್ತದೆ. ಅಲ್ಲಿ ಬೆಲೆ ತೆರುವವರು ಕೊಳ್ಳುವುದು ಹರಳಿನ ವಯಸ್ಸನ್ನು ಮತ್ತು ಅದು ನೆಲದಾಳದಿಂದ ಬಂದ ದಾರಿಯನ್ನು. ಹಾಗಿದ್ದ ಮೇಲೆ ಆ ದಾರಿಯ ಏಕೈಕ ಲಿಖಿತ ದಾಖಲೆಯಾದ ಗರಿಯನ್ನೂ ಚುಕ್ಕೆಯನ್ನೂ ದೋಷವೆಂದು ಎಣಿಸಿ ಅವಿಲ್ಲದ ಹರಳಿಗೇ ಹೆಚ್ಚು ತೆರುವುದು ಯಾವ ತರ್ಕವೋ ನಾನರಿಯೆ. ಯಾರಾದರೂ ನನ್ನನ್ನು ಕೇಳಿದರೆ, ಹರಳು ಗಣಿಯದಾಗಲಿ ಯಂತ್ರದ್ದಾಗಲಿ, ಕಟ್‌ನ ದರ್ಜೆಯನ್ನು ಮೊದಲು ನೋಡಿ, ಬೇರೆ ಬೇರೆ ಬೆಳಕಿನಲ್ಲಿ ಹರಳನ್ನು ಓಲಾಡಿಸಿ ನೋಡಿ, ಆಮೇಲೆ ಬೇಕಾದರೆ ತಕ್ಕಡಿಯ ಅಂಕಿಯನ್ನು ಓದಿ ಎನ್ನುತ್ತೇನೆ.